ಪರದೆಯ ಕೋಣೆಯ ಫೋಲ್ಡರು

ಮಿಸ್ರಿಯಾ, ನಿಮ್ಮ ತಮ್ಮ ಸಿದ್ದೀಕ್ ಆ ಚಿತ್ರವನ್ನು ಯಾರಿಗೂ ಕೊಡಲಿಲ್ಲ. ನೀವೂ ಕೊಡಲಿಲ್ಲ. ಅದು ಹೊರಗೆ ಹೋದದ್ದು ನಾನು ತೆರೆದಿಟ್ಟ ದಾರಿಯಿಂದ. ನೀವು ಎಲ್ಲರೆದುರು ನನ್ನನ್ನು ಕೇಳಿದ ದಿನವೇ ನನಗದು ಗೊತ್ತಿತ್ತು — ಗೊತ್ತಿದ್ದೂ 'ಇಲ್ಲ' ಎಂದೆ.

ಇಷ್ಟನ್ನು ಹೇಳಲು ಎಂಟು ವರ್ಷ ಬೇಕಾಯಿತು. ಇನ್ನು ಉಳಿದದ್ದನ್ನು ಬರೆಯುತ್ತೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ. ನಮ್ಮಿಬ್ಬರನ್ನೂ ತಿಳಿಯದವರು ಓದಿದರೂ ಯಾರು ಏನು ಮಾಡಿದರೆಂಬುದರಲ್ಲಿ ಸಂಶಯ ಉಳಿಯಬಾರದು, ಅದಕ್ಕಾಗಿ.

2008ರಲ್ಲಿ ನನಗೆ ಇಪ್ಪತ್ತೊಂದು ವರ್ಷ. ಪೈವಳಿಕೆಯಿಂದ ಎರಡು ಬಸ್ಸು ಹಿಡಿದು ಕಾಸರಗೋಡಿನ ಹತ್ತಿರದ ನಾಯ್ಮಾರ್ಮೂಲೆಗೆ ಬರುತ್ತಿದ್ದೆ. ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಹಮೀದಿಚ್ಚನ ಕಂಪ್ಯೂಟರ್ ಸೆಂಟರ್. ಅವರು ಶಾರ್ಜಾದಲ್ಲಿ ಹನ್ನೆರಡು ವರ್ಷ ದುಡಿದು ಮರಳಿದವರು. ನಮಗೆಲ್ಲ ಅವರು 'ಇಚ್ಚ', ಅಂದರೆ ಅಣ್ಣ. ಅಂಗಡಿಗಳಿಗೆ, ಟ್ಯೂಷನ್ ಕೇಂದ್ರಗಳಿಗೆ ವೆಬ್‌ಸೈಟು ಮಾಡಿಕೊಡುವುದು, ಕೆಟ್ಟ ಕಂಪ್ಯೂಟರ್ ಸರಿಮಾಡುವುದು ನನ್ನ ಕೆಲಸ. ಟೈಪಿಂಗು, ಸ್ಕ್ಯಾನಿಂಗು ನಿಮ್ಮದು. ನೀವು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ನನ್ನನ್ನು 'ಭಟ್ರೆ' ಎನ್ನುತ್ತಿದ್ದಿರಿ. ಆ ಮಾತಿನಲ್ಲಿ ಅರ್ಧ ಮರ್ಯಾದೆ, ಅರ್ಧ ತಮಾಷೆ.

ಪರದೆಯ ಕೋಣೆ ನಿಮ್ಮ ಯೋಚನೆ. ಗಲ್ಫಿನಲ್ಲಿರುವ ಗಂಡಂದಿರಿಗೆ ಮನೆಯ ಫೋಟೊ ಕಳಿಸಬೇಕಾದರೆ ಆಗೆಲ್ಲ ರಜೆ ಮುಗಿಸಿ ಹೊರಟವರ ಕೈಯಲ್ಲಿ ಕವರು ಕೊಡಬೇಕಿತ್ತು. ಆ ಕವರು ಎಷ್ಟು ಕೈ ದಾಟುತ್ತಿತ್ತೋ, ಒಂದೇ ರೂಮಿನಲ್ಲಿ ಮಲಗುವ ಎಂಟು ಜನರಲ್ಲಿ ಎಷ್ಟು ಮಂದಿ ಅದನ್ನು ಬಿಚ್ಚಿ ನೋಡುತ್ತಿದ್ದರೋ — ಹೆಂಗಸರಿಗೆ ಆ ಅಂಜಿಕೆ. ಹಾಗಾಗಿ ತಲೆಗೆ ಶಾಲು ಬಿಗಿದು, ಪಾಸ್‌ಪೋರ್ಟಿಗೆ ನಿಂತ ಹಾಗೆ ನಿಂತು ತೆಗೆಸಿದ ಚಿತ್ರವನ್ನೇ ಕಳಿಸುತ್ತಿದ್ದರು. ನೀವು ಮೂಲೆಯ ಕೋಣೆಗೆ ಹಸಿರು ಪರದೆ ಕಟ್ಟಿಸಿದಿರಿ. ಒಳಗೆ ನೀವು, ಒಂದು ಡಿಜಿಟಲ್ ಕ್ಯಾಮೆರಾ, ಒಂದು ಕಂಪ್ಯೂಟರು. ತೆಗೆದ ಚಿತ್ರವನ್ನು ನೀವೇ ವೆಬ್‌ಸೈಟಿಗೆ ಏರಿಸುವುದು. ಗಂಡನಿಗೆ ಮಾತ್ರ ಅದರ ಪಾಸ್‌ವರ್ಡು.

"ಕವರಾದ್ರೆ ರೂಮಿನವರೆಲ್ಲ ನೋಡ್ತಾರೆ. ಇದಕ್ಕೆ ಬೀಗ ಉಂಟು, ಕೀಲಿಕೈ ನಿಮ್ಮವರ ಹತ್ರ ಮಾತ್ರ," ಎಂದು ನೀವು ಹೆಂಗಸರಿಗೆ ಮಲಯಾಳದಲ್ಲಿ ಹೇಳುವುದನ್ನು ನನಗೆ ಕನ್ನಡದಲ್ಲಿ ಹೇಳಿ ತೋರಿಸಿದ್ದಿರಿ. "ಸರಿ ಅಲ್ವಾ ಭಟ್ರೆ? ನಾನು ಸುಳ್ಳು ಹೇಳಿದ ಹಾಗೆ ಆಗ್ಬಾರ್ದು."

ಸರಿ ಎಂದಿದ್ದೆ.

ವೆಬ್‌ಸೈಟು ಮಾಡುವಾಗ ಹಮೀದಿಚ್ಚ ನನ್ನನ್ನು ಕರೆದು ಒಂದು ಕಟ್ಟುಪಾಡು ಹಾಕಿದರು. "ಮಿಷಿನ್ ನಿಮ್ದು, ಫೋಟೊ ಅವಳ್ದು. ಆ ಫೋಲ್ಡರಿನ ಒಳಗೆ ನೀವೂ ನೋಡ್ಬಾರ್ದು, ನಾನೂ ನೋಡ್ಬಾರ್ದು. ಆಯ್ತಾ?"

"ನೋಡುದಿಲ್ಲ ಇಚ್ಚ."

"ನೋಡಿದ್ರೂ ಗೊತ್ತಾಗ್ತದೆ," ಎಂದಿರಿ ನೀವು. "ಭಟ್ರ ಕಿವಿ ಕೆಂಪಾಗ್ತದೆ. ಮೊನ್ನೆ ಆ ಟೀಚರ್ ಬಂದು ಮಾತಾಡಿದ್ದಕ್ಕೇ ಆಗಿತ್ತು!"

ಮೂವರೂ ನಕ್ಕೆವು. ನಾನು ಮಾತು ಉಳಿಸಿಕೊಂಡೆ ಮಿಸ್ರಿಯಾ — ಅದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆ ಮಾತೇ ಕೆಡುಕಿನ ಮೊದಲ ಅರ್ಧ.

ಸೆಂಟರಿನಲ್ಲಿ ಹೊಸ ಸೇವೆ ಶುಕ್ರವಾರ ಶುರುವಾಗಬೇಕೆಂದು ಇಚ್ಚ ನಿಶ್ಚಯಿಸಿದ್ದರು. ಗುರುವಾರ ಸಂಜೆ ನೀವು ಪರೀಕ್ಷೆಗೆಂದು ಒಂದು ಹೂವಿನ ಚಿತ್ರ ಏರಿಸಿದಿರಿ, ಏರಲಿಲ್ಲ. ಅನುಮತಿ ಇಲ್ಲ ಎಂದು ಸರ್ವರು ಹೇಳಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ವರಿನಲ್ಲಿ ಪ್ರತಿಯೊಂದು ಫೋಲ್ಡರಿಗೂ ಮೂರು ಬಗೆಯ ಹಕ್ಕುಗಳಿರುತ್ತವೆ: ಒಳಗಿದ್ದದ್ದನ್ನು ನೋಡುವುದು, ಹೊಸದನ್ನು ಇಡುವುದು, ಒಳಹೊಕ್ಕು ಕೆಲಸ ನಡೆಸುವುದು. ಯಾರಿಗೆ ಎಷ್ಟು ಎಂಬುದನ್ನು ಮೂರು ಅಂಕಿಗಳಲ್ಲಿ ಬರೆಯುತ್ತಾರೆ — ಮೊದಲನೆಯದು ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಕೊನೆಯದು ಉಳಿದ ಎಲ್ಲರಿಗೆ. ಅಲ್ಲಿ 755 ಎಂದಿತ್ತು: 7 ಎಂದರೆ ಮೂರೂ ಹಕ್ಕು, 5 ಎಂದರೆ ಇಡುವ ಹಕ್ಕು ಬಿಟ್ಟು ಉಳಿದೆರಡು. ಒಡೆಯ ನಾನು, ಆದರೆ ನಿಮ್ಮ ಚಿತ್ರವನ್ನು ಒಯ್ದು ಇಡುವ ಪ್ರೋಗ್ರಾಮು ಸರ್ವರಿನದೇ ಬೇರೆ ಹೆಸರಿನಲ್ಲಿ ನಡೆಯುತ್ತಿತ್ತು. ಅದು 'ಉಳಿದವರ' ಲೆಕ್ಕಕ್ಕೆ ಸೇರಿದ್ದರಿಂದ ಅದಕ್ಕೆ ಇಡುವ ಹಕ್ಕಿರಲಿಲ್ಲ. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಗೆ ಒಂದು ಇಮೇಲ್ ಬರೆದು, ಆ ಪ್ರೋಗ್ರಾಮನ್ನು ನನ್ನ ಹೆಸರಿನಲ್ಲೇ ನಡೆಸುವಂತೆ ಕೇಳಿ, ಒಂದು ದಿನ ಕಾಯಬೇಕಿತ್ತು.

ನಾನು ಕಾಯಲಿಲ್ಲ. 777 ಎಂದು ಬದಲಿಸಿದೆ. ಎಲ್ಲರಿಗೂ ಎಲ್ಲ ಹಕ್ಕು. ಹೂವು ಏರಿತು. ನೀವು ಪರದೆಯ ಒಳಗಿನಿಂದಲೇ "ಬಂತು!" ಎಂದು ಕೂಗಿದಿರಿ.

ಎಲ್ಲರಿಗೂ ಎಂದರೆ ಯಾರಿಗೆ ಎಂದು ನಾನು ಯೋಚಿಸಿದ್ದೆನೆ? ಯೋಚಿಸಿದ್ದೆ. ಅದು ಹಂಚಿಕೊಂಡ ಸರ್ವರು. ಒಂದು ದೊಡ್ಡ ಕಟ್ಟಡದಲ್ಲಿ ಒಂದು ಕೋಣೆ ಹಿಡಿದ ಹಾಗೆ. ಅಕ್ಕಪಕ್ಕದ ಕೋಣೆಗಳಲ್ಲಿ ಯಾರಿದ್ದಾರೆಂದು ನಮಗೆ ತಿಳಿಯದು. ಅವರಲ್ಲಿ ಯಾರು ಬೇಕಾದರೂ ನಮ್ಮ ಫೋಲ್ಡರಿನಲ್ಲಿ ತಮ್ಮದೊಂದು ವಸ್ತು ಇಡಬಹುದಿತ್ತು. ಇಟ್ಟದ್ದು ಪ್ರೋಗ್ರಾಮಾದರೆ ಸರ್ವರು ಅದನ್ನು ನಡೆಸಿಯೂ ಬಿಡುತ್ತಿತ್ತು — ಚಿತ್ರಗಳ ಫೋಲ್ಡರಿನಲ್ಲಿ ಯಾವ ಪ್ರೋಗ್ರಾಮೂ ನಡೆಯಕೂಡದೆಂದು ನಾನು ಬರೆಯಬೇಕಾಗಿದ್ದ ನಾಲ್ಕು ಸಾಲನ್ನೂ ಬರೆದಿರಲಿಲ್ಲ. ಇನ್ನೂ ಸಣ್ಣದೊಂದಿತ್ತು. ಫೋಲ್ಡರಿನ ವಿಳಾಸವನ್ನು ನೇರವಾಗಿ ಬರೆದರೆ, ಒಳಗಿರುವ ಎಲ್ಲ ಚಿತ್ರಗಳ ಪಟ್ಟಿ ಪಾಸ್‌ವರ್ಡನ್ನೇ ಕೇಳದೆ ತೆರೆದುಕೊಳ್ಳುತ್ತಿತ್ತು. ಬೀಗ ಇದ್ದದ್ದು ಮುಂಬಾಗಿಲಿಗೆ ಮಾತ್ರ. ಒಂದು ಸಲ ನಾನೇ ಹೊರಗಿನವನಂತೆ ಆ ವಿಳಾಸ ಬರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಏಕೆಂದರೆ ಆ ಫೋಲ್ಡರನ್ನು ನೋಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ನನ್ನ ಕಣ್ಣನ್ನು ಮುಚ್ಚಿಕೊಂಡದ್ದೇ ಕಾವಲು ಎಂದುಕೊಂಡೆ.

ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಉಂಟು. ಆಗದ ಕೆಲಸವನ್ನು ಮರುದಿನದ ಪುಟಕ್ಕೆ ಎತ್ತಿ ಬರೆಯುತ್ತೇನೆ. '777 ಸರಿಮಾಡುವುದು' ಎಂಬುದನ್ನು ಮೂರು ವಾರ ಎತ್ತಿ ಬರೆದೆ. ಆಮೇಲೆ ಬರೆಯುವುದನ್ನು ಬಿಟ್ಟೆ — ಕೆಲಸ ಮುಗಿದಿರಲಿಲ್ಲ, ಎತ್ತಿ ಎತ್ತಿ ಬೇಸರವಾಗಿತ್ತು.

ಹೆಂಗಸರು ಬಂದರು. ಚೆಂಗಳದಿಂದ, ವಿದ್ಯಾನಗರದಿಂದ, ಎಲ್ಲೆಲ್ಲಿಂದಲೋ. ಪರದೆಯ ಹಿಂದಿನಿಂದ ನಗು ಕೇಳುತ್ತಿತ್ತು. ಪಾಸ್‌ಪೋರ್ಟಿನ ಹಾಗೆ ನಿಲ್ಲುವವರು ಕಡಿಮೆಯಾದರು ಎಂದು ನೀವೇ ಹೇಳಿದ್ದಿರಿ. ಹಲ್ಲು ಬಂದ ಮಗುವನ್ನು ನಗಿಸುತ್ತ, ಮದುವೆಯ ಸರವನ್ನು ಮತ್ತೆ ಹಾಕಿಕೊಂಡು, ಕೂದಲು ಬಿಟ್ಟುಕೊಂಡು... ಗಂಡ ಮನೆಯೊಳಗೆ ಕಾಣುವ ಹಾಗೆ. ನಿಮ್ಮ ಮೇಲಿನ ನಂಬಿಕೆಯಿಂದ ಅವರು ಹಾಗೆ ನಿಂತರು. ಸರ್ವರಿನ ಮೇಲಿನ ನಂಬಿಕೆಯಿಂದ ಅಲ್ಲ. ಅವರಿಗೆ ಸರ್ವರೆಂದರೆ ಏನೆಂದೇ ತಿಳಿಯದು.

ಒಂಬತ್ತು ತಿಂಗಳ ನಂತರ ಆ ಚಿತ್ರ ನಾಯ್ಮಾರ್ಮೂಲೆಗೆ ಮರಳಿ ಬಂತು. ಯಾರದೋ ಮೊಬೈಲಿನಲ್ಲಿ, ಬ್ಲೂಟೂತಿನಲ್ಲಿ, ಒಬ್ಬನಿಂದೊಬ್ಬನಿಗೆ. ತಲೆಸ್ನಾನ ಮಾಡಿ ಬಂದು, ಪರದೆಯ ಕೋಣೆಯಲ್ಲಿ ಕೂದಲು ಹರಡಿಕೊಂಡು ಮಗುವಿಗೆ ಉಣಿಸುತ್ತಿದ್ದ ಒಬ್ಬಳು ಹೆಂಗಸು, ಕ್ಯಾಮೆರಾದ ಕಡೆ ತಿರುಗಿ ನಗುತ್ತಿದ್ದಳು — ಅಷ್ಟೇ. ಅದನ್ನು ಕೆಟ್ಟ ಚಿತ್ರವಾಗಿಸಿದ್ದು ನೋಡಿದವರ ಕಣ್ಣು. ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಅವಳ ಗಂಡ ಫೋನ್ ಮಾಡುವುದನ್ನು ನಿಲ್ಲಿಸಿದನೆಂದೂ, ಅವಳು ಮಗುವಿನೊಡನೆ ತಾಯಿಮನೆಗೆ ಹೋದಳೆಂದೂ ಒಂದೇ ವಾರದಲ್ಲಿ ಸುದ್ದಿ ಬಂತು.

ಆ ಚಿತ್ರ ಸಿದ್ದೀಕನ ಅಂಗಡಿಯ ಕಂಪ್ಯೂಟರಿನಲ್ಲಿಯೂ ಇತ್ತು. ಕೆಳಗೆ ರಸ್ತೆಯಂಚಿನಲ್ಲಿ ನಿಮ್ಮ ತಮ್ಮನದು ಪುಟ್ಟ ಮೊಬೈಲ್ ಅಂಗಡಿ; ಗಿರಾಕಿಗಳ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಮೊದಲು ಅದರಲ್ಲಿದ್ದದ್ದನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿ ಇಡುತ್ತಿದ್ದ, ಎಲ್ಲ ಮೊಬೈಲ್ ಅಂಗಡಿಯವರ ಹಾಗೆ. ಯಾರದೋ ಕಾರ್ಡಿನಿಂದ ಬಂದದ್ದು, ಯಾರದೆಂದು ನೆನಪಿಲ್ಲ ಎಂದ ಅವನು. ಅಕ್ಕ ಫೋಟೊ ತೆಗೆಯುತ್ತಾಳೆ, ತಮ್ಮನ ಕಂಪ್ಯೂಟರಿನಲ್ಲಿ ಫೋಟೊ ಸಿಗುತ್ತದೆ. ಊರಿಗೆ ಇನ್ನೇನು ಬೇಕು?

ಶುಕ್ರವಾರ ಮಧ್ಯಾಹ್ನ ಇಚ್ಚ ನಮಾಜಿಗೆ ಹೋದರು. ಷಟರ್ ಅರ್ಧ ಎಳೆದಿತ್ತು, ರಸ್ತೆ ಖಾಲಿ. ನಾನು ಮೊದಲ ಸಲ ಆ ಫೋಲ್ಡರಿನ ವಿಳಾಸವನ್ನು ಹೊರಗಿನವನಂತೆ ಬರೆದೆ.

ತೆರೆದುಕೊಂಡಿತು. ಮೇಲಿಂದ ಕೆಳಗೆ ಹೆಸರುಗಳು, ಒಂದಾದ ಮೇಲೊಂದು. ನಡುವೆ ಚಿತ್ರವಲ್ಲದ ಒಂದು ಫೈಲು. ನಾನು ಇಟ್ಟದ್ದಲ್ಲ, ನೀವು ಇಟ್ಟದ್ದಲ್ಲ. ಬಿಚ್ಚಿ ಓದಿದೆ: ಫೋಲ್ಡರಿನ ಎಲ್ಲ ಚಿತ್ರಗಳನ್ನು ಒಂದೇ ಕಟ್ಟಾಗಿ ಕಟ್ಟಿ ಹೊರಗೆ ಕೊಡುವ ಪುಟ್ಟ ಪ್ರೋಗ್ರಾಮು. ಸರ್ವರಿನ ದಾಖಲೆಯಲ್ಲಿ ಅದು ನಡೆದ ದಿನವೂ ಇತ್ತು, ಒಯ್ದವರ ಪರದೇಶದ ವಿಳಾಸವೂ ಇತ್ತು. ಎರಡು ತಿಂಗಳ ಹಿಂದಿನದು. ಯಾರೋ ಗುರುತಿಲ್ಲದವನು ಅಷ್ಟೂ ಹೆಂಗಸರ ಚಿತ್ರವನ್ನು ಒಯ್ದು ಎಲ್ಲೋ ಹರಡಿದ್ದ. ಗಲ್ಫಿನ ಯಾವುದೋ ರೂಮಿನಲ್ಲಿ ಯಾರಿಗೋ ಒಂದು ಊರಿನ ಮುಖ ಗುರುತಾಗಿತ್ತು. ಆ ಒಂದು ಮುಖ ಮರಳಿ ಬಂದಿತ್ತು.

ನಿಮ್ಮನ್ನೂ ಸಿದ್ದೀಕನನ್ನೂ ಬಿಡಿಸಲು ಬೇಕಾದದ್ದೆಲ್ಲ ನನ್ನ ಕಣ್ಣೆದುರಿತ್ತು, ಮಿಸ್ರಿಯಾ. ಎದ್ದು ಹೋಗಿ ಇಚ್ಚನನ್ನು ಮಸೀದಿಯ ಮೆಟ್ಟಿಲಲ್ಲಿ ಕಾದು ಕರೆತಂದಿದ್ದರೆ ಸಾಕಿತ್ತು.

ನಾನು ಮಾಡಿದ್ದು ಬೇರೆ. ಆ ಫೈಲನ್ನು ಅಳಿಸಿದೆ. ದಾಖಲೆಗಳನ್ನು ಅಳಿಸಿದೆ. ಫೋಲ್ಡರನ್ನು 755ಕ್ಕೆ ತಂದೆ. ಹೊಸ ಚಿತ್ರ ಏರಿಸಲು ಇನ್ನು ಯಾರೂ ಬರುವವರಿರಲಿಲ್ಲವಲ್ಲ. ಪಟ್ಟಿ ತೋರಿಸಬಾರದು, ಪ್ರೋಗ್ರಾಮು ನಡೆಸಬಾರದು ಎಂಬ ನಾಲ್ಕು ಸಾಲು ಬರೆದಿಟ್ಟೆ. ಮತ್ತೆ ಹೊರಗಿನವನಂತೆ ವಿಳಾಸ ಬರೆದೆ. 'ನಿಮಗೆ ಪ್ರವೇಶವಿಲ್ಲ' ಎಂದು ಬಂತು. ಒಂಬತ್ತು ತಿಂಗಳ ಹಿಂದೆ ಮಾಡಬೇಕಿದ್ದ ಕೆಲಸವನ್ನು ಅಂದು ಒಂದು ತಪ್ಪೂ ಇಲ್ಲದೆ ಮಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಇನ್ನೊಂದಿಲ್ಲ — ಅದೇ ನಾನು ಮಾಡಿದ ಪಾಪ. 777 ಅವಸರ, ಉದಾಸೀನ. ಅದಕ್ಕೆ ಬೈಸಿಕೊಂಡು ಕೆಲಸ ಕಳೆದುಕೊಳ್ಳುತ್ತಿದ್ದೆ, ಅಷ್ಟೆ. 755 ಮಾಡುವಾಗ ನಾನು ಏನು ಮಾಡುತ್ತಿದ್ದೇನೆಂದು ನನಗೆ ಪೂರ್ತಿ ಗೊತ್ತಿತ್ತು.

ಶನಿವಾರ ಇಚ್ಚ ನಿಮ್ಮನ್ನು ಸೆಂಟರಿಗೆ ಕರೆಸಿದರು. ಆ ಹೆಂಗಸಿನ ಗಂಡನ ಅಣ್ಣ ಬಂದು ಕುಳಿತಿದ್ದರು. ದನಿ ಎತ್ತಲಿಲ್ಲ ಅವರು. ಅದಕ್ಕೇ ಹೆಚ್ಚು ಹೆದರಿಕೆಯಾಗುತ್ತಿತ್ತು. ಸಿದ್ದೀಕ್ ಬಾಗಿಲ ಬಳಿ ನಿಂತಿದ್ದ. ನೀವು ಯಾರನ್ನೂ ನೋಡದೆ ನೇರ ನನ್ನ ಮೇಜಿನ ಮುಂದೆ ಬಂದಿರಿ.

"ಭಟ್ರೆ, ನೀವು ಒಂದು ಮಾತು ಹೇಳಿ. ನನ್ನ ಫೋಲ್ಡರಿಗೆ ಹೊರಗಿನವರು ಬರ್ಲಿಕ್ಕೆ ದಾರಿ ಉಂಟಾ?"

"ಇಲ್ಲ."

"ಸರಿ ನೋಡಿ ಹೇಳಿ."

ನೋಡಿದೆ. ಎಲ್ಲರಿಗೂ ಕಾಣುವಂತೆ ಕಂಪ್ಯೂಟರನ್ನು ತಿರುಗಿಸಿ, ಆ ವಿಳಾಸ ಬರೆದು ತೋರಿಸಿದೆ. ಪ್ರವೇಶವಿಲ್ಲ ಎಂದು ಬಂತು. ಸುಳ್ಳಿಗೆ ಸಾಕ್ಷಿಯನ್ನೂ ಒದಗಿಸಿದೆ.

ನೀವು ನನ್ನೊಡನೆ ಜಗಳ ಮಾಡುವಿರೆಂದು ಕಾದಿದ್ದೆ. ಮಾಡಲಿಲ್ಲ. ನಿಧಾನವಾಗಿ ಬಾಗಿಲ ಕಡೆ ತಿರುಗಿದಿರಿ. ನಿಮ್ಮ ತಮ್ಮನನ್ನು ನೋಡಿದಿರಿ. ಆ ನೋಟ — ನೀವು ಆವರೆಗೆ ಅವನನ್ನು ನಂಬಿದ್ದಿರಿ, ನಾನು 'ಇಲ್ಲ' ಎಂದ ಮೇಲೆ ನಂಬಲಿಲ್ಲ.

"ಎಂತಕ್ಕೆ ನನ್ನನ್ನು ನೋಡುದು ಅಕ್ಕ?" ಎಂದ ಅವನು. ಅಷ್ಟೇ ಎಂದ.

ನಿಮ್ಮ ಕ್ಯಾಮೆರಾದಿಂದ ಅವನು ಕದ್ದನೆಂದು ತೀರ್ಮಾನವಾಯಿತು. ಇಚ್ಚ ಪರದೆ ಬಿಚ್ಚಿಸಿದರು. ನೀವು ಮತ್ತೆ ಬರಲಿಲ್ಲ. ಸಿದ್ದೀಕನ ಅಂಗಡಿಗೆ ಜನ ಹೋಗುವುದು ನಿಂತಿತು. ಗಲ್ಫಿಗೆ ಹೊರಡುವ ಮುಂಚೆ ಅವನು ಒಂದು ಸಂಜೆ ನಮ್ಮ ಏಣಿಮೆಟ್ಟಿಲ ಕೆಳಗೆ ನನಗಾಗಿ ಕಾದಿದ್ದ. ಇದು ನಿಮಗೆ ಗೊತ್ತಿಲ್ಲ.

"ನಾನು ಎಷ್ಟು ಆಣೆ ಹಾಕಿದ್ರೂ ಅವಳು ಹೇಳುದು ಒಂದೇ," ಎಂದ. "ಭಟ್ರು ನೋಡಿ ಹೇಳಿದ್ದಾರೆ ಅಂತ. ನೀವು ಇನ್ನೊಂದು ಸಲ ಸರಿಯಾಗಿ ನೋಡ್ಲಿಕ್ಕೆ ಆಗ್ತದಾ ಮಾರಾಯ್ರೆ? ಎಲ್ಲಿಯಾದ್ರೂ, ಎಂತಾದ್ರೂ..."

"ನನಗೆ ಬಸ್ಸಿಗೆ ಹೊತ್ತಾಯ್ತು," ಎಂದೆ.

ಬಸ್ಸಿಗೆ ಹೊತ್ತಾಗಿರಲಿಲ್ಲ. ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತೆ, ಅವನು ಇನ್ನೊಂದು ಬದಿಯಲ್ಲಿ ಅಂಗಡಿಯ ಬೋರ್ಡು ಇಳಿಸುವುದನ್ನು ನೋಡುತ್ತ.

ಮುಂದಿನ ವರ್ಷ ನಾನೂ ಆ ಕೆಲಸ ಬಿಟ್ಟೆ. ಈಗ ಕಾಸರಗೋಡಿನಲ್ಲೇ ನನ್ನದೊಂದು ಸಣ್ಣ ಆಫೀಸು. ಬೇರೆಯವರ ಸರ್ವರುಗಳನ್ನು ನೋಡಿಕೊಳ್ಳುತ್ತೇನೆ. ಯಾವ ಫೋಲ್ಡರನ್ನೂ ಎಲ್ಲರಿಗೂ ತೆರೆದಿಡುವುದಿಲ್ಲ. ಪ್ರತಿಯೊಂದನ್ನೂ ಹೊರಗಿನವನಾಗಿ ತಟ್ಟಿ ನೋಡುತ್ತೇನೆ. ಬಹಳ ಜಾಗ್ರತೆಯವನು ಎಂದು ಹೆಸರಿದೆ. ಆ ಹೊಗಳಿಕೆ ಕೇಳಿದಾಗಲೆಲ್ಲ ಏನಾದರೂ ನೆಪ ಮಾಡಿ ಎದ್ದು ಹೋಗುತ್ತೇನೆ... ಇದನ್ನು ಬರೆಯುವುದೂ ಒಂದು ಬಗೆಯ ಪುಣ್ಯ ಗಳಿಕೆಯೇನೋ. ಬಿಡಿ.

ಕಳೆದ ತಿಂಗಳು ಹೊಸ ಬಸ್‌ಸ್ಟ್ಯಾಂಡಿನಲ್ಲಿ ನೀವು ಸಿಕ್ಕಿದಿರಿ. ನಾನು ಮುಖ ತಿರುಗಿಸುವ ಮೊದಲೇ "ಭಟ್ರೆ!" ಎಂದು ಕರೆದಿರಿ. ಜೊತೆಗೆ ನಿಮ್ಮ ಮಗಳಿದ್ದಳು. ಅವಳಿಗೆ ನನ್ನನ್ನು ತೋರಿಸಿ, "ಆಗ ಇವರೊಬ್ಬರೇ ನನಗೆ ಒಂದೂ ಕೆಟ್ಟ ಮಾತು ಹೇಳ್ಲಿಲ್ಲ," ಎಂದಿರಿ. ಯಾರ ಮದುವೆ, ಯಾರ ಮನೆ ಎಂಬ ಮಾತೆಲ್ಲ ಆದ ಮೇಲೆ ಸಿದ್ದೀಕನ ಮಾತು ಬಂತು. ಎಂಟು ವರ್ಷದಲ್ಲಿ ಎರಡು ಸಲ ಬಂದಿದ್ದ. ಎರಡು ಸಲವೂ ನಿಮ್ಮ ಮನೆಯಲ್ಲಿ ಉಣ್ಣಲಿಲ್ಲ. ಈಗ ಪೆರ್ನಾಲ್ ಹಬ್ಬಕ್ಕೆ ಬರುತ್ತಾನೆ.

"ನಾನು ಅವನ ಹತ್ರ ಈ ಸಲವೂ ಕೇಳ್ತೇನೆ ಭಟ್ರೆ. ಒಂದು ಸಲ 'ಹೌದು ಅಕ್ಕ, ತಪ್ಪಾಯ್ತು' ಅಂದ್ರೆ ಸಾಕು. ಅಲ್ಲಿಗೆ ಬಿಟ್ಟು ಬಿಡ್ತೇನೆ. ಒಡಹುಟ್ಟಿದವ ಅಲ್ವಾ? ಆದ್ರೆ ಅವನಿಗೆ ಆ ಒಂದು ಮಾತು ಹೇಳ್ಲಿಕ್ಕೆ ಎಷ್ಟು ಹಟ ನೋಡಿ."

ನಿಮ್ಮ ಬಸ್ಸು ಬಂತು. ಮಗಳು ಕಿಟಕಿಯಿಂದ ಕೈ ಬೀಸಿದಳು. ಅಂದೂ ನಾನು ಹೇಳಲಿಲ್ಲ.

ಮಾಡದ ತಪ್ಪನ್ನು ಒಪ್ಪಿಕೊಳ್ಳಲಿ ಎಂದು ನೀವು ಎಂಟು ವರ್ಷದಿಂದ ತಮ್ಮನೆದುರು ಕಾಯುತ್ತಿದ್ದೀರಿ. ಅವನು ಹಟಮಾರಿಯಲ್ಲ. ಅವನ ಬಳಿ ಒಪ್ಪಿಕೊಳ್ಳಲು ಏನೂ ಇಲ್ಲ. ನೀವು ಕಾಯುತ್ತಿರುವ ಮಾತು ನನ್ನ ಬಳಿ ಇತ್ತು.

ಆ ಹೆಂಗಸಿನ ಮನೆಬಾಗಿಲಿಗೆ ಹೋಗಿ ಕ್ಷಮೆ ಕೇಳುವ ಹಕ್ಕು ನನಗಿಲ್ಲ. ಮುಚ್ಚಿದ್ದನ್ನು ಇನ್ನೊಮ್ಮೆ ಬಿಚ್ಚಿದಂತಾಗಬಹುದು. ಅವಳಿಗೆ ಹೇಳಬೇಕೇ, ಹೇಗೆ ಹೇಳಬೇಕು ಎಂಬುದನ್ನು ನೀವು ತಿಳಿಸಿದ ಹಾಗೆ ಮಾಡುತ್ತೇನೆ. ಒಯ್ದ ಉಳಿದ ಚಿತ್ರಗಳು ಎಲ್ಲಿವೆಯೋ ನನಗೆ ಗೊತ್ತಿಲ್ಲ. ಅದು ಯಾವ ಕಾಲಕ್ಕೂ ಗೊತ್ತಾಗುವುದಿಲ್ಲ. ಹಮೀದಿಚ್ಚನಿಗೆ ಇದರದೇ ಒಂದು ಪ್ರತಿಯನ್ನು ನಾಳೆ ಕೈಯಾರೆ ಕೊಡುತ್ತೇನೆ. ಆ ಶನಿವಾರ ಅಲ್ಲಿ ಕುಳಿತಿದ್ದವರನ್ನೆಲ್ಲ ಅವರು ಕರೆಯಲಿ.

ಪೆರ್ನಾಲಿಗೆ ಸಿದ್ದೀಕ್ ಬಂದಾಗ ಅವನನ್ನು ಏನೂ ಕೇಳಬೇಡಿ. ಮೊದಲು ಬಡಿಸಿ. ನಾನು ಅಂದು ನಿಮ್ಮ ಅಂಗಳದಲ್ಲಿ ಇರುತ್ತೇನೆ, ಒಳಗೆ ಕರೆಯಬೇಕಾಗಿಲ್ಲ. ಅವನು ಕೇಳುವಂತೆ, ಆ ದಿನ ಕೇಳಿದ್ದನ್ನೇ ನೀವು ನನ್ನನ್ನು ಇನ್ನೊಮ್ಮೆ ಕೇಳಿ — ಹೊರಗಿನವರು ಬರಲು ದಾರಿ ಇತ್ತೇ ಎಂದು.

ಇತ್ತು, ಮಿಸ್ರಿಯಾ. ನಾನೇ ಇಟ್ಟಿದ್ದೆ.